ನಾಚಿಕೆ ಸಾಕು, ತಪಾಸಣೆ ಬೇಕು

ಗಂಡು ಮಗು ಹುಟ್ಟಿದರೆ ನಮ್ಮ ಚಳ್ಳಕೆರೆ, ಮೊಳಕಾಲ್ಮೂರು ಕಡೆ ಸಕ್ಕರೆ ಹಂಚುತ್ತಾರೆ. ಅಜ್ಜನ ಹೆಸರಿಡುತ್ತಾರೆ. ಮನೆದೇವರಿಗೆ ಮುಡಿ ಕೊಡುತ್ತಾರೆ. ತೂಕ ಎಷ್ಟು, ಬಣ್ಣ ಯಾರದು, ಮೂಗು ಯಾರದು ಅಂತ ಬಂದವರೆಲ್ಲ ವಿಚಾರಿಸುತ್ತಾರೆ. ಆದರೆ ಆ ಕೂಸಿನ ಎರಡೂ ಬೀಜ ಚೀಲಕ್ಕೆ ಇಳಿದಿವೆಯೋ ಇಲ್ಲವೋ ಅಂತ ಕೇಳುವವರು ಯಾರು? ಅಜ್ಜಿ ಎಣ್ಣೆ ಹಚ್ಚುವಾಗ ನೋಡಿರುತ್ತಾಳೆ. "ದೊಡ್ಡೋನಾದ ಮ್ಯಾಲೆ ಇಳಿತಾವೆ ಬಿಡು" ಅಂತ ಸುಮ್ಮನಾಗಿರುತ್ತಾಳೆ. ಅಪ್ಪನಿಗೆ ಗೊತ್ತಿರುವುದಿಲ್ಲ. ಗೊತ್ತಿದ್ದರೂ ಯಾರ ಹತ್ತಿರವೂ ಬಾಯಿ ಬಿಡುವುದಿಲ್ಲ.

ಸಂಜೆ ಬಸ್ಸಿನಲ್ಲಿ ಇದನ್ನು ಓದುತ್ತಿರುವ ಮಹನೀಯರು ಪಕ್ಕದ ಸೀಟಿನವರು ಇಣುಕುತ್ತಾರೆ ಅಂತ ಪತ್ರಿಕೆ ಮಡಚುವುದು ಬೇಡ. ಅವರೂ ಓದಲಿ. ಅವರ ಮನೆಯಲ್ಲೂ ಗಂಡು ಮಕ್ಕಳು ಇರುತ್ತಾರೆ. ಚರಂಡಿ, ಬೀದಿ ದೀಪ, ಶೇಂಗಾ ದರ ಇವುಗಳ ಬಗ್ಗೆ ಎಷ್ಟು ಗಟ್ಟಿಯಾಗಿ ಮಾತಾಡುತ್ತೇವೋ ಇದರ ಬಗ್ಗೆಯೂ ಅಷ್ಟೇ ಗಟ್ಟಿಯಾಗಿ ಮಾತಾಡಬೇಕಾಗಿದೆ. ಯಾಕಂದ್ರೆ ಇದಕ್ಕೊಂದು ಗಡುವು ಇದೆ. ಗಡುವು ದಾಟಿದ ಮೇಲೆ ಯಾವ ದೊಡ್ಡಾಸ್ಪತ್ರೆಗೆ ಹೋದರೂ ಹೋದದ್ದೆಲ್ಲ ವಾಪಸ್ ಬರುವುದಿಲ್ಲ.

ಲೆಕ್ಕ ಏನು ಹೇಳುತ್ತೆ?

ಡಾಕ್ಟರುಗಳು ವೃಷಣ ಅನ್ನುವುದನ್ನೇ ಹಳ್ಳಿ ಮಾತಿನಲ್ಲಿ ಬೀಜ ಅನ್ನುತ್ತಾರೆ. ತಾಯಿಯ ಹೊಟ್ಟೆಯಲ್ಲಿ ಅದು ಹುಟ್ಟುವುದು ಚೀಲದಲ್ಲಲ್ಲ, ಮೇಲೆ, ಮೂತ್ರಪಿಂಡದ ಹತ್ತಿರ. ಬಸುರಿನ ಏಳನೇ ತಿಂಗಳ ಹೊತ್ತಿಗೆ ತೊಡೆಸಂದಿನ ದಾರಿಯಲ್ಲಿ ಕೆಳಗಿಳಿಯಲು ಶುರು ಮಾಡಿ, ಹೆರಿಗೆಯ ಹೊತ್ತಿಗೆ ಚೀಲ ಸೇರಬೇಕು. ಕೆಲವು ಮಕ್ಕಳಲ್ಲಿ ದಾರಿಯಲ್ಲೇ ನಿಂತುಬಿಡುತ್ತದೆ. ದಿನ ತುಂಬಿ ಹುಟ್ಟಿದ 100 ಗಂಡು ಮಕ್ಕಳಲ್ಲಿ 2ರಿಂದ 4 ಮಕ್ಕಳಿಗೆ ಹುಟ್ಟುವಾಗ ಹೀಗಿರುತ್ತದೆ. ದಿನ ತುಂಬದೆ ಹುಟ್ಟಿದ ಕೂಸುಗಳಲ್ಲಿ ಇದು 100ಕ್ಕೆ 30ರವರೆಗೂ ಹೋಗುತ್ತದೆ.

ಅಜ್ಜಿಯ ಮಾತು ಪೂರ್ತಿ ಸುಳ್ಳೇನಲ್ಲ. ಹುಟ್ಟಿದ ಮೊದಲ ಮೂರು ತಿಂಗಳಲ್ಲಿ ಗಂಡು ಕೂಸಿನ ಮೈಯಲ್ಲಿ ಹಾರ್ಮೋನುಗಳ ಒಂದು ಉಬ್ಬರ ಬರುತ್ತದೆ. ಆಗ ಬಹಳ ಮಕ್ಕಳಿಗೆ ತಾನಾಗಿಯೇ ಇಳಿಯುತ್ತದೆ. ಆದರೆ ಅಜ್ಜಿಯ ಮಾತಿಗೆ ಆರು ತಿಂಗಳೇ ಕೊನೆ. ಆರು ತಿಂಗಳ ಮೇಲೆ ತಾನಾಗಿ ಇಳಿಯುವುದು ಅಪರೂಪ. ಒಂದು ವರ್ಷ ತುಂಬುವಾಗ 100ಕ್ಕೆ ಒಬ್ಬನಾದರೂ ಉಳಿದೇ ಇರುತ್ತಾನೆ. 100ಕ್ಕೆ ಒಬ್ಬ ಅಂದರೆ ಸಾವಿರ ಹುಡುಗರಿರುವ ಹೋಬಳಿಯಲ್ಲಿ ಹತ್ತು ಜನ. ಇದು ಅಪರೂಪದ ಕಾಯಿಲೆಯಲ್ಲ ಸ್ವಾಮಿ. ಮಾತಾಡದ ಕಾಯಿಲೆ, ಅಷ್ಟೇ.

ಗಡುವು ಆರು ತಿಂಗಳು

ಚೀಲ ಹೊರಗೆ ನೇತಾಡುವುದಕ್ಕೆ ಕಾರಣವಿದೆ. ಮೈಯ ಶಾಖಕ್ಕಿಂತ ಅಲ್ಲಿ 2ರಿಂದ 4 ಡಿಗ್ರಿ ಕಡಿಮೆ. ಆ ತಂಪಿನಲ್ಲಿ ಮಾತ್ರ ಮುಂದೆ ವೀರ್ಯಾಣುಗಳಾಗಬೇಕಾದ ಕಣಗಳು ಉಳಿಯುತ್ತವೆ. ಹೊಟ್ಟೆಯೊಳಗಿನ ಬಿಸಿಯಲ್ಲಿ ವರ್ಷದಿಂದ ವರ್ಷಕ್ಕೆ ಅವು ಕರಗುತ್ತಾ ಹೋಗುತ್ತವೆ. ಅದಕ್ಕೇ ಅಮೆರಿಕದ ಮೂತ್ರಾಂಗ ತಜ್ಞರ ಸಂಘ 2014ರಲ್ಲಿ ಕೊಟ್ಟ ಮಾರ್ಗಸೂಚಿ ಸ್ಪಷ್ಟವಾಗಿದೆ: ಆರು ತಿಂಗಳಿಗೂ ಇಳಿಯದಿದ್ದರೆ ಸರ್ಜನ್ ಹತ್ತಿರ ಕಳಿಸಿ, ಅಲ್ಲಿಂದ ಒಂದು ವರ್ಷದೊಳಗೆ ಆಪರೇಷನ್ ಮುಗಿಸಿ. ಅಂದರೆ ಮಗುವಿಗೆ ಒಂದೂವರೆ ವರ್ಷ ಆಗುವ ಮೊದಲು. ಯುರೋಪಿನವರು ಹೇಳುವುದೂ ಹೆಚ್ಚುಕಮ್ಮಿ ಇದನ್ನೇ.

ತಡ ಮಾಡಿದರೆ ಏನಾಗುತ್ತೆ? ಸ್ವೀಡನ್ ದೇಶದಲ್ಲಿ ಈ ಆಪರೇಷನ್ ಮಾಡಿಸಿಕೊಂಡ 16,983 ಗಂಡಸರ ದಾಖಲೆ ಪರಿಶೀಲಿಸಿ 2007ರಲ್ಲಿ ಒಂದು ವರದಿ ಬಂತು. 13 ವರ್ಷದೊಳಗೆ ಆಪರೇಷನ್ ಆದವರಿಗೆ ವೃಷಣದ ಕ್ಯಾನ್ಸರ್ ಬರುವ ಸಂಭವ ಉಳಿದ ಗಂಡಸರಿಗಿಂತ ಎರಡು ಪಟ್ಟು ಚಿಲ್ಲರೆ. 13 ದಾಟಿದ ಮೇಲೆ ಆದವರಿಗೆ ಐದು ಪಟ್ಟಿಗೂ ಮೀರಿ. ಈ ಕ್ಯಾನ್ಸರೇ ಒಟ್ಟಾರೆ ಕಡಿಮೆ, ಹೆದರಿ ನಿದ್ದೆ ಕೆಡಿಸಿಕೊಳ್ಳಬೇಕಿಲ್ಲ. ಆದರೆ ತಡ ಮಾಡುವುದಕ್ಕೆ ಬೆಲೆ ಇದೆ ಅನ್ನುವುದು ಖರೆ. ಬೀಜ ಕೆಳಗಿದ್ದರೆ ಗಂಟು ಬಂದಾಗ ಹುಡುಗನೇ ಕೈಯಿಂದ ಮುಟ್ಟಿ ಕಂಡುಹಿಡಿಯಬಹುದು. ಹೊಟ್ಟೆಯಲ್ಲಿದ್ದರೆ ಯಾರು ಕಂಡುಹಿಡಿಯಬೇಕು?

ಮಕ್ಕಳಾಗುವ ವಿಷಯಕ್ಕೆ ಬನ್ನಿ. ಅಮೆರಿಕದಲ್ಲಿ ಇಂಥವರನ್ನು ದೊಡ್ಡವರಾಗುವವರೆಗೂ ಹಿಂಬಾಲಿಸಿ ನೋಡಿದ್ದಾರೆ. ಒಂದೇ ಬದಿ ಇಳಿಯದೆ ಆಪರೇಷನ್ ಆದವರಲ್ಲಿ, ಮಕ್ಕಳು ಬೇಕೆಂದು ಪ್ರಯತ್ನಿಸಿದ 100 ಜನರಲ್ಲಿ ಸುಮಾರು 90 ಜನ ತಂದೆಯಾಗಿದ್ದಾರೆ. ಎರಡೂ ಬದಿ ಇಳಿಯದಿದ್ದವರಲ್ಲಿ ಅದು 65ರ ಆಸುಪಾಸು. ಆಪರೇಷನ್ನೇ ಆಗದೆ ಎರಡೂ ಹೊಟ್ಟೆಯಲ್ಲೇ ಉಳಿದವನ ಕಥೆ ಬೇರೆ. ಅವನಿಗೆ ಗಡ್ಡ ಮೀಸೆ ಬರಬಹುದು, ಗಂಡಸುತನಕ್ಕೆ ಕೊರತೆ ಕಾಣದಿರಬಹುದು, ಆದರೆ ಮಕ್ಕಳಾಗುವುದಿಲ್ಲ. ಆಗ ಬಂಜೆ ಅಂತ ಬೈಸಿಕೊಳ್ಳುವವಳು ಯಾರು? ಮನೆಗೆ ಬಂದ ಸೊಸೆ. ಅವನ ಅಮ್ಮ ಇಪ್ಪತ್ತೈದು ವರ್ಷದ ಹಿಂದೆ ಕಂಡು ಸುಮ್ಮನಾದದ್ದಕ್ಕೆ ಇವಳು ಗುಡಿ ಗುಡಿ ಸುತ್ತಬೇಕು. ಇದು ನ್ಯಾಯವೇ?

ಮೊದಲು ಕೈ, ಆಮೇಲೆ ಮಿಷನ್ನು

ಇದನ್ನು ಕಂಡುಹಿಡಿಯಲು ಸ್ಕ್ಯಾನ್ ಬೇಡ. ಅನುಭವ ಇರುವ ಡಾಕ್ಟರ ಬೆಚ್ಚಗಿನ ಕೈ ಸಾಕು. ಇಳಿಯದ ಬೀಜಗಳಲ್ಲಿ 100ಕ್ಕೆ ಸುಮಾರು 70ರಿಂದ 80 ತೊಡೆಸಂದಿನಲ್ಲೇ ಕೈಗೆ ಸಿಗುತ್ತವೆ. "ಮೊದಲು ಸ್ಕ್ಯಾನ್ ಮಾಡಿಸಿಕೊಂಡು ಬನ್ನಿ" ಅಂತ ಚೀಟಿ ಬರೆಯುವ ಪದ್ಧತಿಯನ್ನು ಮೇಲೆ ಹೇಳಿದ ಮಾರ್ಗಸೂಚಿಯೇ ಬೇಡ ಅಂದಿದೆ. ಸ್ಕ್ಯಾನಿನಲ್ಲಿ ಕಾಣದಿದ್ದರೆ ಇಲ್ಲ ಅಂತ ಅರ್ಥವಲ್ಲ, ಕಂಡರೂ ಆಪರೇಷನ್ ತಪ್ಪುವುದಿಲ್ಲ. ದುಡ್ಡು ಹೋಗುತ್ತೆ, ದಿನ ಹೋಗುತ್ತೆ.

ಇನ್ನೊಂದು ಮಾತು. ಕೆಲವು ಹುಡುಗರ ಬೀಜ ಚಳಿಗೆ, ಹೆದರಿಕೆಗೆ ಮೇಲೇರುತ್ತದೆ. ಬಿಸಿನೀರು ಹಾಕಿದಾಗ, ಕುಕ್ಕರುಗಾಲಲ್ಲಿ ಕೂತಾಗ ತಾನೇ ಇಳಿಯುತ್ತದೆ. ಇದು ಕಾಯಿಲೆಯಲ್ಲ, ಆಪರೇಷನ್ ಬೇಕಿಲ್ಲ. ಆದರೆ ಇಂಥ ಕೆಲವರಲ್ಲಿ ಮುಂದೆ ಅದು ಮೇಲೆಯೇ ನಿಂತುಬಿಡುವುದುಂಟು. ಹಾಗಾಗಿ ವರ್ಷಕ್ಕೊಮ್ಮೆ ತೋರಿಸುತ್ತಿರಬೇಕು. ಒಂದು ಸಾರಿ ನೋಡಿದ್ದಾಯ್ತು, ಮುಗೀತು ಅನ್ನುವ ಹಾಗಿಲ್ಲ.

ಎರಡೂ ಸಿಗದಿದ್ದರೆ ಮನೆಗೆ ಕಳಿಸಬೇಡಿ

ಈಗ ಈ ಬರಹದ ಗಂಭೀರ ಭಾಗ. ಹುಟ್ಟಿದ ಕೂಸಿಗೆ ಶಿಶ್ನ ಇದೆ, ನೋಡಲು ಗಂಡೇ, ಆದರೆ ಎರಡು ಬೀಜದಲ್ಲಿ ಒಂದೂ ಕೈಗೆ ಸಿಗುವುದಿಲ್ಲ. ಇಂಥ ಕೂಸನ್ನು "ಗಂಡು ಮಗು, ಶುಭವಾಗಲಿ" ಅಂತ ಮೂರನೇ ದಿನ ಮನೆಗೆ ಕಳಿಸಿದರೆ ಅದರ ಪ್ರಾಣಕ್ಕೇ ಸಂಚಕಾರ ಬರಬಹುದು.

ಯಾಕೆ ಅಂತೀರಾ? ಅದು ಗಂಡಲ್ಲದೆಯೂ ಇರಬಹುದು. ಮೂತ್ರಪಿಂಡದ ತಲೆಯ ಮೇಲೆ ಅಡ್ರಿನಲ್ ಅನ್ನುವ ಗ್ರಂಥಿ ಇದೆ. ಹುಟ್ಟಿನಿಂದ ಅದರಲ್ಲಿ ದೋಷವಿದ್ದರೆ ಹೆಣ್ಣು ಭ್ರೂಣಕ್ಕೂ ಗಂಡಿನ ಹಾರ್ಮೋನು ಹರಿದು ಹೊರಗಿನ ಅಂಗ ಗಂಡಿನಂತೆಯೇ ಬೆಳೆಯಬಹುದು. ಒಳಗೆ ಗರ್ಭಕೋಶ, ಅಂಡಾಶಯ ಎಲ್ಲ ಸರಿಯಾಗಿರುತ್ತವೆ. ಈ ದೋಷದ ತೀವ್ರ ರೂಪದಲ್ಲಿ ಮೈಯ ಉಪ್ಪು ಮೂತ್ರದಲ್ಲಿ ಹೋಗಿಬಿಡುತ್ತದೆ. ಒಂದರಿಂದ ಮೂರು ವಾರದೊಳಗೆ ವಾಂತಿ, ಹಾಲು ಬಿಡುವುದು, ಸೊರಗುವುದು ಶುರುವಾಗುತ್ತೆ. "ದೃಷ್ಟಿ ತಾಗಿದೆ" ಅಂತ ನಿವಾಳಿಸುತ್ತಾ ಕೂತರೆ ಕೂಸು ಕೈಬಿಡುತ್ತದೆ. ವಿಪರ್ಯಾಸ ನೋಡಿ, ಇದಕ್ಕೆ ದಿನವೂ ನುಂಗುವ ಮಾತ್ರೆ ಇದೆ. ಸರಿಯಾಗಿ ಕೊಟ್ಟರೆ ಕೂಸು ಬದುಕಿ ಬೆಳೆಯುತ್ತದೆ.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯವರು ದೇಶದ ಐದು ಮಹಾನಗರಗಳಲ್ಲಿ ಒಂದು ಲಕ್ಷಕ್ಕೂ ಹೆಚ್ಚು ನವಜಾತ ಶಿಶುಗಳ ರಕ್ತ ಪರೀಕ್ಷಿಸಿ 2018ರಲ್ಲಿ ಕೊಟ್ಟ ಲೆಕ್ಕದಂತೆ 5,762 ಮಕ್ಕಳಿಗೆ ಒಂದರಂತೆ ಈ ಅಡ್ರಿನಲ್ ದೋಷ ಸಿಕ್ಕಿತು. ತಂದೆ ತಾಯಿ ಇಬ್ಬರೂ ದೋಷದ ಒಂದೊಂದು ಎಳೆ ಹೊತ್ತಿದ್ದಾಗ ಮಾತ್ರ ಮಗುವಿಗೆ ಬರುತ್ತದೆ, ಪ್ರತಿ ಬಸುರಿಗೂ ನಾಲ್ಕರಲ್ಲಿ ಒಂದು ಪಾಲು. ಸೋದರಮಾವನಿಗೆ, ಅತ್ತೆ ಮಗನಿಗೆ ಕೊಡುವ ನಮ್ಮ ಕಡೆಯ ಪದ್ಧತಿಯಲ್ಲಿ ಅದೇ ಎಳೆ ಎರಡು ಕಡೆಯಿಂದಲೂ ಬರುವ ಸಂಭವ ಹೆಚ್ಚು. ಹಾಗಾಗಿ ನಮ್ಮ ತಾಲ್ಲೂಕುಗಳ ಹೆರಿಗೆ ವಾರ್ಡುಗಳು ಬೇರೆಯವರಿಗಿಂತ ಒಂದು ಕೈ ಹೆಚ್ಚೇ ಎಚ್ಚರವಾಗಿರಬೇಕು. ಎರಡೂ ಸಿಗದ ಕೂಸಿಗೆ ರಕ್ತದ ಸೋಡಿಯಂ, ಪೊಟ್ಯಾಸಿಯಂ, 17-ಓಎಚ್ ಪ್ರೊಜೆಸ್ಟರಾನ್, ವರ್ಣತಂತು ಪರೀಕ್ಷೆ, ಹೊಟ್ಟೆಯಲ್ಲಿ ಗರ್ಭಕೋಶ ಇದೆಯೇ ಅಂತ ಸ್ಕ್ಯಾನ್ ಇಷ್ಟು ಆಗದೆ ಡಿಸ್ಚಾರ್ಜ್ ಬೇಡ. ಸ್ಕ್ಯಾನ್ ಬೇಡ ಅಂತ ಮೇಲೆ ಬರೆದೆವಲ್ಲ, ಈ ಕೂಸಿಗೆ ಮಾತ್ರ ಬೇಕೇ ಬೇಕು.

ರಕ್ತ ಹೇಳುವ ಸಾಕ್ಷಿ

ಅಡ್ರಿನಲ್ ದೋಷ ಅಲ್ಲ, ವರ್ಣತಂತು ಗಂಡಿನದೇ, ಆದರೂ ಎರಡೂ ಬೀಜ ಕೈಗೆ ಸಿಗುತ್ತಿಲ್ಲ ಅಂತಿಟ್ಟುಕೊಳ್ಳಿ. ಈಗಿನ ಪ್ರಶ್ನೆ: ಅವು ಹೊಟ್ಟೆಯೊಳಗೆ ಅಡಗಿವೆಯೋ, ಇಲ್ಲವೇ ಇಲ್ಲವೋ? ಕೆಲವು ಮಕ್ಕಳಲ್ಲಿ ಹುಟ್ಟುವ ಮೊದಲೇ ಬೀಜಗಳು ಒಣಗಿ ಮಾಯವಾಗಿರುತ್ತವೆ. ಎರಡೂ ಹೀಗೆ ಹೋಗಿರುವುದು ಸುಮಾರು 20,000 ಗಂಡು ಮಕ್ಕಳಲ್ಲಿ ಒಬ್ಬನಿಗೆ. ಇದ್ದರೆ ಹುಡುಕಿ ಕೆಳಗೆ ತರಬೇಕು. ಇಲ್ಲದಿದ್ದರೆ ಇಲ್ಲದ್ದನ್ನು ಹುಡುಕಲು ಮಗುವಿನ ಹೊಟ್ಟೆ ಕೆದಕಬಾರದು. ಇಲ್ಲಿ ಸಾಕ್ಷಿ ಹೇಳುವುದು ರಕ್ತದಲ್ಲಿನ ಹಾರ್ಮೋನು.

ಅಂಗಡಿ ಇಟ್ಟವರಿಗೆ ಇದು ಬೇಗ ಅರ್ಥವಾಗುತ್ತೆ. ಮಧ್ಯಾಹ್ನದ ಬಿಸಿಲಲ್ಲಿ ಒಂದು ಅಂಗಡಿಯ ಷಟರ್ ಎಳೆದಿದೆ. ಒಳಗೆ ವ್ಯವಹಾರ ಉಂಟೋ, ಅಂಗಡಿಯೇ ಖಾಲಿಯೋ? ಹೊರಗೆ ನಿಂತು ಹೇಗೆ ತಿಳಿಯುವುದು?

ಗಿರಾಕಿಗಳ ಗದ್ದಲ ಕೇಳಿಸಿದರೆ ಅಂಗಡಿ ಇದೆ ಅಂತಾಯ್ತು. ಆ ಗದ್ದಲವೇ ಟೆಸ್ಟೋಸ್ಟಿರಾನ್, ಗಂಡಿನ ಹಾರ್ಮೋನು. ಆದರೆ ಈ ಗದ್ದಲ ಇರುವುದು ಎರಡೇ ಹೊತ್ತು. ಬೆಳಗ್ಗೆ, ಅಂದರೆ ಹುಟ್ಟಿದ ಮೊದಲ ಕೆಲವು ತಿಂಗಳು. ಸಂಜೆ, ಅಂದರೆ ಮೀಸೆ ಮೂಡುವ ವಯಸ್ಸು. ನಡುವಿನ ವರ್ಷಗಳಲ್ಲಿ ಎಲ್ಲಾ ಹುಡುಗರಲ್ಲೂ ಟೆಸ್ಟೋಸ್ಟಿರಾನ್ ತಳ ಕಂಡಿರುತ್ತದೆ. ಐದು ವರ್ಷದ ಹುಡುಗನ ರಕ್ತದಲ್ಲಿ ಅದು ಇಲ್ಲ ಅಂತ ಬೀಜವೇ ಇಲ್ಲ ಅನ್ನುವುದು, ಮಧ್ಯಾಹ್ನ ಮುಚ್ಚಿದ ಅಂಗಡಿ ನೋಡಿ ಸಾಹುಕಾರ ದಿವಾಳಿ ಅಂದ ಹಾಗೆ.

ಅದಕ್ಕೇ ಹಿಂದಿನಿಂದ ಷಟರ್ ಬಡಿದು ನೋಡುವ ಪದ್ಧತಿ ಇತ್ತು, ಈಗಲೂ ಇದೆ. ಮೆಡಿಕಲ್ ಷಾಪಿನ ಬಸಿರು ಪರೀಕ್ಷೆಯ ಪಟ್ಟಿ ಹಿಡಿಯುತ್ತದಲ್ಲ, ಅದೇ ಎಚ್.ಸಿ.ಜಿ. ಹಾರ್ಮೋನಿನ ಇಂಜೆಕ್ಷನ್ ಕೊಡುತ್ತಾರೆ. ಬೀಜ ಒಳಗಿದ್ದರೆ ಎಚ್ಚೆತ್ತು ಟೆಸ್ಟೋಸ್ಟಿರಾನ್ ಏರಿಸುತ್ತದೆ. ಏರಿದರೆ ಇದೆ. ಏರದಿದ್ದರೆ ಇಲ್ಲ ಅನ್ನಬಹುದು, ಆದರೆ ಖಾತ್ರಿಯಲ್ಲ. ಬಡಿದರೂ ಏಳದ ಗಾಢ ನಿದ್ದೆಯವರೂ ಇರುತ್ತಾರೆ. ಮೇಲಾಗಿ ಮಗುವಿಗೆ ಸೂಜಿ ಮೇಲೆ ಸೂಜಿ, ಅಪ್ಪ ಅಮ್ಮನಿಗೆ ಓಡಾಟ ಮೇಲೆ ಓಡಾಟ.

ಇದಕ್ಕಿಂತ ಒಳ್ಳೆಯ ಉಪಾಯ ಕರೆಂಟು ಮೀಟರು ನೋಡುವುದು. ಷಟರ್ ಮುಚ್ಚಿದ್ದರೂ ಒಳಗೆ ಫ್ಯಾನು ತಿರುಗುತ್ತಿದ್ದರೆ ಮೀಟರು ಓಡುತ್ತಲೇ ಇರುತ್ತದೆ. ಆ ಮೀಟರೇ ಎ.ಎಂ.ಎಚ್. ಎನ್ನುವ ಹಾರ್ಮೋನು. ಬೀಜದೊಳಗಿನ ಸರ್ಟೋಲಿ ಎಂಬ ಕಣಗಳು ಇದನ್ನು ಹುಟ್ಟಿದಾಗಿನಿಂದ ಮೀಸೆ ಮೂಡುವವರೆಗೂ ನಿಲ್ಲಿಸದೆ ಸುರಿಸುತ್ತವೆ. ಬಡಿಯುವುದು ಬೇಡ, ಎಬ್ಬಿಸುವುದು ಬೇಡ. ಒಂದು ಸಾರಿ ಸ್ವಲ್ಪ ರಕ್ತ ತೆಗೆದರೆ ಸಾಕು. ಅದೇ ಕಣಗಳು ಕೊಡುವ ಇನ್‌ಹಿಬಿನ್-ಬಿ ಎನ್ನುವುದು ಎರಡನೇ ಸಾಕ್ಷಿ.

ಮೂರನೆಯದು ಎಫ್.ಎಸ್.ಎಚ್. ಇದು ಮಿದುಳಿನ ಬುಡದ ಪಿಟ್ಯುಟರಿ ಗ್ರಂಥಿಯಿಂದ ಬೀಜಕ್ಕೆ ಹೋಗುವ ಆಜ್ಞೆ. ಕೆಳಗಿನ ಕಚೇರಿಯಲ್ಲಿ ಯಾರೂ ಇಲ್ಲದಿದ್ದರೆ ಮೇಲಧಿಕಾರಿ ಜ್ಞಾಪನ ಪತ್ರದ ಮೇಲೆ ಜ್ಞಾಪನ ಪತ್ರ ಕಳಿಸುತ್ತಾನಲ್ಲ, ಹಾಗೆ ಬೀಜವಿಲ್ಲದ ಮಗುವಿನಲ್ಲಿ ಎಫ್.ಎಸ್.ಎಚ್. ಮೇಲೇರುತ್ತದೆ. ಆದರೆ ನಡು ಬಾಲ್ಯದಲ್ಲಿ ಮೇಲಧಿಕಾರಿಯೇ ತೂಕಡಿಸುತ್ತಿರುತ್ತಾನೆ. ಆಗ ಎಫ್.ಎಸ್.ಎಚ್. ಸರಿಯಾಗಿದೆ ಅಂತ ನಿಶ್ಚಿಂತೆಯಿಂದ ಕೂರುವಂತಿಲ್ಲ.

1947ರ ಎರಡು ಅಗೆತ

ಈ ಎ.ಎಂ.ಎಚ್. ಸಿಕ್ಕಿದ್ದು ಹೇಗೆ? ನಮ್ಮ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ ಮಾರ್ಟಿಮರ್ ವ್ಹೀಲರ್ ಸಾಹೇಬರು ನೆಲ ಅಗೆದು ಹಳೆಯ ಊರು ಹುಡುಕಿದ್ದು 1947ರಲ್ಲಿ. ಅದೇ 1947ರಲ್ಲಿ ಫ್ರಾನ್ಸ್ ದೇಶದ ಆಲ್ಫ್ರೆಡ್ ಜೋಸ್ಟ್ ಎಂಬ ವಿಜ್ಞಾನಿ ಮೊಲದ ಭ್ರೂಣಗಳ ಮೇಲೆ ಮಾಡಿದ ಪ್ರಯೋಗ ಪ್ರಕಟಿಸಿದ. ಗಂಡು ಭ್ರೂಣದ ಬೀಜ ತೆಗೆದರೆ ಅದು ಹೆಣ್ಣಿನ ಅಂಗಾಂಗದಂತೆ ಬೆಳೆಯಿತು. ಟೆಸ್ಟೋಸ್ಟಿರಾನ್ ಕೊಟ್ಟು ನೋಡಿದ. ಗಂಡಿನ ಅಂಗ ಬೆಳೆಯಿತು, ಆದರೆ ಗರ್ಭಕೋಶ ಆಗಬೇಕಾದ ನಾಳ ಅಳಿಯಲಿಲ್ಲ. ಹಾಗಾದರೆ ಅದನ್ನು ಅಳಿಸುವ ಬೇರೊಂದು ವಸ್ತು ಬೀಜದಲ್ಲೇ ಇರಬೇಕು ಅಂದ. ಆ ವಸ್ತುವೇ ಎ.ಎಂ.ಎಚ್.

ಅದು ಆಸ್ಪತ್ರೆಯ ಕೆಲಸಕ್ಕೆ ಬರಲು ಇನ್ನೂ ಐವತ್ತು ವರ್ಷ ಬೇಕಾಯಿತು. 1997ರಲ್ಲಿ ಅಮೆರಿಕದ ವೈದ್ಯರು ಬೀಜ ಕೈಗೆ ಸಿಗದ 65 ಮಕ್ಕಳ ರಕ್ತ ನೋಡಿದರು. 48 ಮಕ್ಕಳಿಗೆ ಬೀಜ ಒಳಗಿದ್ದವು, 17 ಮಕ್ಕಳಿಗೆ ಇರಲೇ ಇಲ್ಲ. ಇಲ್ಲದವರ ರಕ್ತದಲ್ಲಿ ಎ.ಎಂ.ಎಚ್. ಸರಾಸರಿ ಮಿಲಿಲೀಟರಿಗೆ 0.7 ನ್ಯಾನೊಗ್ರಾಂ, ಇದ್ದವರಲ್ಲಿ 37.5. ಟೆಸ್ಟೋಸ್ಟಿರಾನ್ ಪರೀಕ್ಷೆಗಿಂತ ಇದು ಎಷ್ಟೋ ನಂಬಿಕಸ್ತ ಅಂತ ಅಂದೇ ಗೊತ್ತಾಯಿತು. 2014ರ ಮಾರ್ಗಸೂಚಿಯೂ ಎರಡೂ ಬೀಜ ಸಿಗದ ಹುಡುಗನಿಗೆ ಮೊದಲು ಎ.ಎಂ.ಎಚ್. ನೋಡಿ ಅಂದಿದೆ.

ಚೀಟಿಯ "ನಾರ್ಮಲ್" ನಂಬಬೇಡಿ

ಇಲ್ಲೊಂದು ಗುಂಡಿ ಇದೆ, ಬೀಳದಂತೆ ನೋಡಿಕೊಳ್ಳಿ. ಎ.ಎಂ.ಎಚ್. ಪರೀಕ್ಷೆ ಈಗ ಪೇಟೆಯ ಲ್ಯಾಬುಗಳಲ್ಲಿ ನಡೆಯುವುದು ಹೆಚ್ಚಾಗಿ ಮಕ್ಕಳಾಗದ ಹೆಂಗಸರಿಗಾಗಿ. ಹೆಂಗಸರಲ್ಲಿ ಅದು ಸಾಮಾನ್ಯವಾಗಿ 1ರಿಂದ 4. ಪುಟ್ಟ ಹುಡುಗನಲ್ಲಿ ಹತ್ತಾರು ಇರಬೇಕು. ಲ್ಯಾಬಿನವರು ಹೆಂಗಸರ ಅಳತೆಯನ್ನೇ ಪಕ್ಕದಲ್ಲಿ ಅಚ್ಚು ಹಾಕಿ ಹುಡುಗನ 2 ನ್ಯಾನೊಗ್ರಾಮಿಗೆ "ನಾರ್ಮಲ್" ಅಂತ ಕೊಟ್ಟರೆ ಅದು ನಾರ್ಮಲ್ ಅಲ್ಲ. 50 ಬಂದಾಗ "ಹೆಚ್ಚಾಗಿದೆ" ಅಂತ ಕೆಂಪಕ್ಷರ ಬಂದರೂ ಗಾಬರಿ ಬೇಡ. ಚೀಟಿ ಹಿಡಿದು ಮಕ್ಕಳ ಹಾರ್ಮೋನು ಬಲ್ಲ ಡಾಕ್ಟರ ಹತ್ತಿರವೇ ಹೋಗಿ.

ಇನ್ನು ಮೂರು ಮಾತು ನೆನಪಿರಲಿ. ಒಂದು: ಒಂದೇ ಬದಿ ಇಲ್ಲದಿದ್ದರೆ ಈ ರಕ್ತ ಪರೀಕ್ಷೆಯಿಂದ ಏನೂ ತಿಳಿಯುವುದಿಲ್ಲ. ಇರುವ ಇನ್ನೊಂದು ಬೀಜವೇ ಮೀಟರು ಓಡಿಸುತ್ತಿರುತ್ತದೆ. ಅಂಥ ಹುಡುಗನಿಗೆ ದುಬಾರಿ ಪರೀಕ್ಷೆ ಬರೆದರೆ ಯಾಕೆ ಅಂತ ಕೇಳಿ. ಎರಡು: ಈ ಪರೀಕ್ಷೆ ಇದೆಯೋ ಇಲ್ಲವೋ ಹೇಳುತ್ತದೆ, ಎಲ್ಲಿದೆ ಅಂತ ಹೇಳುವುದಿಲ್ಲ. ಎಲ್ಲಿದೆ ಅಂತ ನೋಡಲು ಹೊಟ್ಟೆಗೆ ಸಣ್ಣ ತೂತು ಮಾಡಿ ದುರ್ಬೀನು ಇಳಿಸಬೇಕು. ಈ ಕೆಲಸಕ್ಕೆ ಅದನ್ನು ಮೊದಲು ಬಳಸಿದ್ದು 1976ರಲ್ಲಿ. ಮೂರು: ಅಪರೂಪಕ್ಕೆ ಬೀಜ ಇದ್ದೂ ಎ.ಎಂ.ಎಚ್. ತಯಾರಾಗದ ವಂಶದೋಷ ಇರುತ್ತದೆ. ಆದ್ದರಿಂದ ಒಂದೇ ಸಾಕ್ಷಿಯ ಮೇಲೆ ತೀರ್ಪು ಬೇಡ. ಎ.ಎಂ.ಎಚ್. ಇಲ್ಲ, ಇನ್‌ಹಿಬಿನ್-ಬಿ ಇಲ್ಲ, ಎಫ್.ಎಸ್.ಎಚ್. ಏರಿದೆ, ಮೂರೂ ಒಂದೇ ಮಾತು ಹೇಳಿದರೆ ಆಗ ನಂಬಬಹುದು.

ಗೋಡೆ ಬರಹದ ಡಾಕ್ಟರು

ಬಸ್ಸಿನಲ್ಲಿ ಓಡಾಡುವವರು ನೋಡಿಯೇ ಇರುತ್ತೀರಿ. ಗೋಡೆ ಮೇಲೆ, ಸೇತುವೆ ಮೇಲೆ, ಕಂಬದ ಮೇಲೆ "ಗುಪ್ತರೋಗಕ್ಕೆ ಖಾತ್ರಿ ಚಿಕಿತ್ಸೆ" ಅಂತ ಬಣ್ಣದಲ್ಲಿ ಬರೆದಿರುತ್ತಾರೆ. ಆಸ್ಪತ್ರೆಗೆ ಹೋಗಲು ನಾಚಿದವನು ಕೊನೆಗೆ ಹೋಗುವುದು ಅಲ್ಲಿಗೇ. ಯಾವ ಲೇಹ್ಯವೂ ಯಾವ ಎಣ್ಣೆಯೂ ಹೊಟ್ಟೆಯೊಳಗಿನ ಬೀಜವನ್ನು ಕೆಳಗೆ ಎಳೆಯುವುದಿಲ್ಲ. ಅಷ್ಟೇಕೆ, ಇಳಿಸುವುದಕ್ಕೆಂದು ಹಾರ್ಮೋನು ಇಂಜೆಕ್ಷನ್ ಕೋರ್ಸು ಕೊಡುವುದನ್ನೂ 2014ರ ಮಾರ್ಗಸೂಚಿ ಬೇಡ ಅಂದಿದೆ. ಇಳಿಯುವುದು ಕಡಿಮೆ, ಇಳಿದದ್ದೂ ಮತ್ತೆ ಏರುವುದುಂಟು. ಪರೀಕ್ಷೆಗೆ ಕೊಡುವ ಇಂಜೆಕ್ಷನ್ ಬೇರೆ, ವಾಸಿಗೆ ಅಂತ ಮಾರುವ ಇಂಜೆಕ್ಷನ್ ಬೇರೆ. ಈ ವ್ಯತ್ಯಾಸ ತಿಳಿದಿರಲಿ.

ಇಲ್ಲವೇ ಇಲ್ಲ ಅಂದರೆ?

ಎರಡೂ ಇಲ್ಲ ಅಂತ ಖಾತ್ರಿಯಾದ ಹುಡುಗನ ಬದುಕು ಮುಗಿಯಿತೇ? ಖಂಡಿತ ಇಲ್ಲ. ಅವನು ಗಂಡೇ. 12 ವರ್ಷದ ಹೊತ್ತಿಗೆ ಟೆಸ್ಟೋಸ್ಟಿರಾನ್ ಅನ್ನು ಸಣ್ಣ ಪ್ರಮಾಣದಲ್ಲಿ ಶುರು ಮಾಡಿ ಏರಿಸುತ್ತಾ ಹೋದರೆ ಧ್ವನಿ ಒಡೆಯುತ್ತದೆ, ಮೀಸೆ ಬರುತ್ತದೆ, ಮೂಳೆ ಗಟ್ಟಿಯಾಗುತ್ತದೆ. ಔಷಧಿ ಜೀವನಪರ್ಯಂತ ಬೇಕು. ಚೀಲ ಖಾಲಿ ಕಾಣಬಾರದು ಅಂದರೆ ಒಳಗೆ ಕೃತಕ ಗೋಲಿ ಇಡುವ ವ್ಯವಸ್ಥೆಯೂ ಇದೆ. ಅವನು ಓದಬಹುದು, ದುಡಿಯಬಹುದು, ಮದುವೆಯಾಗಬಹುದು. ತನ್ನದೇ ವೀರ್ಯದಿಂದ ಮಕ್ಕಳಾಗುವುದಿಲ್ಲ, ಅಷ್ಟೇ. ಅದನ್ನು ಅವನಿಗೆ ತಿಳಿಯುವ ವಯಸ್ಸಿನಲ್ಲಿ ಮೆತ್ತಗೆ ಹೇಳಬೇಕು. ಮದುವೆಗೆ ಮೊದಲು ಹೆಣ್ಣಿಗೂ ಹೇಳಬೇಕು. ಮುಚ್ಚಿಟ್ಟು ಮದುವೆ ಮಾಡಿದರೆ ಅದು ಮೋಸ. ಮಗುವನ್ನು ದತ್ತು ಪಡೆಯುವ ದಾರಿ ಕಾನೂನಿನಲ್ಲೇ ಇದೆ.

ಇಂಥ ಹುಡುಗ 16ನೇ ವಯಸ್ಸಿಗೂ ಧ್ವನಿ ಒಡೆಯದೆ ಶಾಲೆಯ ಹಿಂದಿನ ಬೆಂಚಿನಲ್ಲಿ ಕುಗ್ಗಿ ಕೂತರೆ ಉಳಿದವರು ಅವನಿಗೆ ಏನೇನು ಹೆಸರಿಡುತ್ತಾರೆ ಅಂತ ನಮಗೆಲ್ಲ ಗೊತ್ತು. ಆ ಬೈಗುಳ ನಮ್ಮ ಬಾಯಲ್ಲೂ ಬಂದಿರುತ್ತದೆ. ಒಂದು ರಕ್ತ ಪರೀಕ್ಷೆ, ಸಮಯಕ್ಕೆ ಸರಿಯಾಗಿ ಕೊಟ್ಟ ಔಷಧಿ ಆ ಹುಡುಗನನ್ನು ಶಾಲೆ ಬಿಡದಂತೆ ಉಳಿಸಬಲ್ಲದು.

ನಮ್ಮ ಬೇಡಿಕೆ

ಕೇಂದ್ರ ಸರ್ಕಾರ 2013ರಲ್ಲಿ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ ತಂದಿತು. ಡಾಕ್ಟರ ತಂಡ ವಾಹನದಲ್ಲಿ ಬಂದು ಅಂಗನವಾಡಿಗೆ ವರ್ಷಕ್ಕೆ ಎರಡು ಸಾರಿ, ಸರ್ಕಾರಿ ಶಾಲೆಗೆ ಒಂದು ಸಾರಿ ಮಕ್ಕಳನ್ನು ತಪಾಸಣೆ ಮಾಡಬೇಕು. ಒಳ್ಳೆಯ ಕೆಲಸ. ಆದರೆ ಅದರ ಮೂಲ ಪಟ್ಟಿಯಲ್ಲಿ ಹೆಸರಿಸಿದ ಒಂಬತ್ತು ಹುಟ್ಟುದೋಷಗಳನ್ನು ಓದಿ. ಸೀಳುತುಟಿ ಇದೆ, ವಕ್ರಪಾದ ಇದೆ, ಹೃದಯದ ತೂತು ಇದೆ, ಹುಟ್ಟು ಕಿವುಡು ಇದೆ. ಇಳಿಯದ ಬೀಜದ ಹೆಸರಿಲ್ಲ. ಪಟ್ಟಿಯಲ್ಲಿ ಕಾಲಂ ಇಲ್ಲದಿದ್ದರೆ ಯಾರು ನೋಡುತ್ತಾರೆ, ಯಾರು ಬರೆಯುತ್ತಾರೆ? ಶಾಲೆಯ ಸಾಲಿನಲ್ಲಿ ನಿಂತ ಹುಡುಗನ ಚಡ್ಡಿ ಬಿಚ್ಚಿಸಿ ನೋಡುವುದಂತೂ ಆಗದ ಮಾತು. ಆಗ ಗಡುವೂ ದಾಟಿರುತ್ತದೆ.

ಆದ್ದರಿಂದ ನಮ್ಮ ಬೇಡಿಕೆ ಸಣ್ಣದು. ಹೊಸ ಕಟ್ಟಡ ಬೇಡ, ಹೊಸ ಹುದ್ದೆ ಬೇಡ.

ಮೊದಲನೆಯದು, ಹೆರಿಗೆಯಾದ ಆಸ್ಪತ್ರೆಯಲ್ಲೇ ಪ್ರತಿ ಗಂಡು ಕೂಸಿನ ತಾಯಿ ಕಾರ್ಡಿನಲ್ಲಿ ಒಂದು ಸಾಲು ಬರೆಯಲಿ: "ಎರಡೂ ಇಳಿದಿವೆ", ಅಥವಾ "ಎಡ ಇಲ್ಲ", "ಬಲ ಇಲ್ಲ", "ಎರಡೂ ಇಲ್ಲ". ಪೆನ್ನಿನಲ್ಲಿ ಬರೆದರೂ ಸಾಕು.

ಎರಡನೆಯದು, ಆಶಾ ಕಾರ್ಯಕರ್ತೆಯರು ಹೆರಿಗೆಯಾದ 42 ದಿನದೊಳಗೆ ಆರು ಸಾರಿ, ಆಮೇಲೆ 3, 6, 9, 12, 15ನೇ ತಿಂಗಳಲ್ಲಿ ಹೇಗೂ ಮನೆಗೆ ಬರಬೇಕು. 14ನೇ ವಾರದ ಲಸಿಕೆ, 9ನೇ ತಿಂಗಳ ದಡಾರ ಲಸಿಕೆ ಹೇಗೂ ಇವೆ. 6ನೇ ತಿಂಗಳ ಭೇಟಿಯಲ್ಲಿ ತಾಯಿಯನ್ನು ಕೇಳಲಿ. ದಡಾರ ಲಸಿಕೆಯ ದಿನ ನರ್ಸಮ್ಮ ಕಣ್ಣಾರೆ ನೋಡಲಿ. ಇಳಿದಿಲ್ಲ ಅಂದರೆ ಅಂದೇ ಜಿಲ್ಲಾಸ್ಪತ್ರೆಗೆ ಚೀಟಿ ಬರೆಯಲಿ.

ಮೂರನೆಯದು, ಎರಡೂ ಸಿಗದ ಮಗುವಿನ ಹಾರ್ಮೋನು ಪರೀಕ್ಷೆಗೆ ರಕ್ತವನ್ನು ಚಳ್ಳಕೆರೆಯಲ್ಲಿ, ಮೊಳಕಾಲ್ಮೂರಿನಲ್ಲೇ ತೆಗೆದು ಸರ್ಕಾರದ ಖರ್ಚಿನಲ್ಲಿ ದೊಡ್ಡ ಲ್ಯಾಬಿಗೆ ಕಳಿಸುವ ವ್ಯವಸ್ಥೆ ಆಗಲಿ. ಪ್ರಯಾಣ ಮಾಡಬೇಕಾದದ್ದು ರಕ್ತದ ಸೀಸೆ. ದಿನಗೂಲಿ ಬಿಟ್ಟು ಕೂಸು ಕಟ್ಟಿಕೊಂಡು ಅಮ್ಮ ಅಲ್ಲ.

ಆಪರೇಷನ್ನಿಗೆ ಮಾತ್ರ ಹೊರಗೆ ಹೋಗಬೇಕಾದೀತು. ಬಳ್ಳಾರಿಯ ಸರ್ಕಾರಿ ಮೆಡಿಕಲ್ ಕಾಲೇಜು ಆಸ್ಪತ್ರೆ ಮೊಳಕಾಲ್ಮೂರಿನವರಿಗೆ ಹತ್ತಿರ. ದಾವಣಗೆರೆಯಲ್ಲಿ ಮೆಡಿಕಲ್ ಕಾಲೇಜುಗಳಿವೆ. ಬೆಂಗಳೂರಿನಲ್ಲಿ ಇಂದಿರಾ ಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆ ಇದೆ. 2018ರಲ್ಲಿ ಬಂದ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿ.ಪಿ.ಎಲ್. ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆಗೆ ಅವಕಾಶವಿದೆ. ಹೋಗುವಾಗ ರೇಷನ್ ಕಾರ್ಡು, ಆಧಾರ್, ತಾಯಿ ಕಾರ್ಡು ಮೂರನ್ನೂ ಕೈಚೀಲದಲ್ಲಿ ಹಾಕಿಕೊಳ್ಳಿ. ತಾಲ್ಲೂಕು ಆಸ್ಪತ್ರೆಯ ಚೀಟಿ ಇಲ್ಲದೆ ಹೊರಡಬೇಡಿ.

ಬ್ರಹ್ಮಗಿರಿಯ ಬಂಡೆಯ ಮೇಲೆ ಅಶೋಕನ ಶಾಸನವಿದೆ. ಬಿ.ಎಲ್. ರೈಸ್ ಅದನ್ನು 1892ರಲ್ಲಿ ಪತ್ತೆ ಮಾಡಿದರು. ಸುವರ್ಣಗಿರಿಯಿಂದ ಇಸಿಲದ ಅಧಿಕಾರಿಗಳಿಗೆ ಬಂದ ಆಜ್ಞೆ ಅದು. ಅದರ ಶುರುವಿನಲ್ಲೇ, ರಾಜನ ಮಾತು ಹೇಳುವುದಕ್ಕೆ ಮೊದಲು, ಇಲ್ಲಿನ ಅಧಿಕಾರಿಗಳ ಆರೋಗ್ಯ ವಿಚಾರಿಸಿದ್ದಾರೆ. ಎರಡು ಸಾವಿರ ವರ್ಷಕ್ಕೂ ಹಿಂದೆ ಈ ನೆಲದ ಅಧಿಕಾರಿಗಳಿಗೆ ಮೇಲಿನಿಂದ ಆರೋಗ್ಯದ ಮಾತು ಬಂದಿತ್ತು. ಈಗಿನ ಅಧಿಕಾರಿಗಳಿಂದ ನಮ್ಮ ಕೂಸುಗಳಿಗೆ ಕಾರ್ಡಿನಲ್ಲಿ ಒಂದು ಸಾಲು ಬರಲಾರದೇ? ಚಳ್ಳಕೆರೆ, ಮೊಳಕಾಲ್ಮೂರಿನ ತಾಲ್ಲೂಕು ಆರೋಗ್ಯಾಧಿಕಾರಿಗಳು ಗಮನಿಸಬೇಕು.

ಅಧಿಕಾರಿಗಳ ಆದೇಶ ಬರುವವರೆಗೆ ಓದುಗರು ಕಾಯಬೇಕಿಲ್ಲ. ಮನೆಯಲ್ಲಿ ಗಂಡು ಕೂಸು ಇದ್ದರೆ ಇವತ್ತು ರಾತ್ರಿ ಬಿಸಿನೀರು ಹಾಕುವಾಗ ಎರಡೂ ಇದೆಯೇ ನೋಡಿ. ಇದ್ದರೆ ಸಂತೋಷ. ಇಲ್ಲದಿದ್ದರೆ ನಾಳೆ ಬೆಳಗ್ಗೆ ಆಸ್ಪತ್ರೆಯ ಬಾಗಿಲು ತೆಗೆಯುವ ಹೊತ್ತಿಗೆ ಅಲ್ಲಿರಿ. ಅಂಗಡಿ ಒಂದು ದಿನ ಮುಚ್ಚಿದರೂ ಪರವಾಗಿಲ್ಲ.